ಲೆಕ್ಕ ಯಾರ ಕಣ್ಣಿಗೆ?

ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಬೆಳೆಗಾರರಿಗೆ ಇದು ಹೊಸ ಸಂಗತಿ ಅಲ್ಲ. ಹಂಗಾಮು ಬಂತೆಂದರೆ ಸಭೆಗಳಲ್ಲಿ, ಧರಣಿಗಳಲ್ಲಿ ಕೇಳಿಬರುವ ಮಾತೇ. ಈ ಲೆಕ್ಕಕ್ಕೆ ಬೇಕಾದ ವಿವರವೆಲ್ಲ ಯಾವುದೇ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ: ಗಾಡಿ ತೂಕವಾದ ದಿನ, ವೇಳೆ, ನಿವ್ವಳ ತೂಕ, ಬಿಲ್ಲು ಮಾಡಿದ ದಿನ, ಬ್ಯಾಂಕಿಗೆ ಹಣ ಹೋದ ದಿನ. ಎರಡು ತಾರೀಖುಗಳ ನಡುವೆ ಎಷ್ಟು ದಿನ ಎಂದು ಎಣಿಸಲು ಕಂಪ್ಯೂಟರಿಗೆ ಒಂದು ಕ್ಷಣ ಸಾಕು. ಆದರೂ ರೈತನ ಕೈಗೆ ಬರುವ ಕಾಗದದಲ್ಲಿ ತೂಕ ಕಾಣುತ್ತದೆ, ಕಡಿತ ಕಾಣುತ್ತದೆ. ‘ಹದಿನಾಲ್ಕನೇ ದಿನ ಇಂಥದು, ತಡವಾದದ್ದು ಇಷ್ಟು ದಿನ, ಬಡ್ಡಿ ಇಷ್ಟು’ ಎಂಬ ಸಾಲು ಕಾಣುವುದು ಅಪರೂಪ.

ಯಾಕೆಂದು ಕೇಳಿದರೆ ಕಚೇರಿಗಳಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ಸಾಫ್ಟ್‌ವೇರ್‌ದಾಗ ಆ ಆಪ್ಶನ್ ಇಲ್ರೀ.’ ಮೊದಲು ಈ ಮಾತಿಗೆ ಎದುರು ಹೇಳುವುದು ಕಷ್ಟವಿತ್ತು. ತಂತ್ರಾಂಶ ಮಾಡಿದವರು ಎಲ್ಲೋ ದೂರದ ನಗರದವರು. ಒಂದು ಖಾನೆ ಸೇರಿಸಬೇಕೆಂದರೂ ಅವರಿಗೆ ಬರೆಯಬೇಕು, ಕಾಯಬೇಕು, ದುಡ್ಡು ತೆರಬೇಕು. ಈಗ ಆ ಉತ್ತರವನ್ನು ಒಪ್ಪಬೇಕಾದ ಕಾಲ ಮುಗಿದಿದೆ. ಕೊಂಡುತಂದ ತಂತ್ರಾಂಶಕ್ಕೆ ನಮ್ಮದೇ ಪುಟ ಜೋಡಿಸುವ ಸಾಧನಗಳು ಗುಮಾಸ್ತರ ಕೈಗೇ ಬಂದಿವೆ. ಹಾಗಾಗಿ ಪ್ರಶ್ನೆ ಬದಲಾಗಿದೆ. ಪುಟ ಮಾಡಬಹುದೇ ಎಂದು ಕೇಳಬೇಕಾಗಿಲ್ಲ. ಎಂಥ ಪುಟ, ಯಾರಿಗಾಗಿ, ಎಲ್ಲಿಯವರೆಗೆ ಎಂದು ಕೇಳಬೇಕು.

ಇಂಥ ಸಾಧನಗಳಿಗೆ ಲೋ-ಕೋಡ್ ಎಂಬ ಹೆಸರನ್ನು ಅಮೆರಿಕದ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ಚಲಾವಣೆಗೆ ತಂದಿತು. ಪರದೆಯ ಮೇಲೆ ಖಾನೆಗಳನ್ನು ಎಳೆದು ಕೂರಿಸುವುದು, ಯಾವ ಖಾನೆಯಿಂದ ಯಾವುದು ಲೆಕ್ಕವಾಗಬೇಕೆಂದು ಸೂಚಿಸುವುದು, ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು: ಕೆಲಸ ಇಷ್ಟೇ. ಪ್ರೋಗ್ರಾಂ ಬರೆಯುವುದು ತೀರಾ ಕಡಿಮೆ. ಹೆಸರು ಹೊಸದಾದರೂ ಆಸೆ ಹಳೆಯದು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ವಿಸಿಕ್ಯಾಲ್ಕ್ ಹೊರತಂದಾಗಲೇ ಲೆಕ್ಕ ಬಲ್ಲವನು ಪ್ರೋಗ್ರಾಮರನ ಹಂಗಿಲ್ಲದೆ ತನ್ನ ಲೆಕ್ಕ ತಾನು ಕಟ್ಟಿಕೊಳ್ಳತೊಡಗಿದ. ಇಂದಿನ ಎಕ್ಸೆಲ್ ಹಾಳೆ ಅದೇ ಮನೆತನದ್ದು. ಇದು ಹೊರದೇಶದ ದುಬಾರಿ ಸರಕೇ ಆಗಬೇಕೆಂದೂ ಇಲ್ಲ. ಬೆಂಗಳೂರಿನ ಲೆಕ್ಕದ ತಂತ್ರಾಂಶ ಟ್ಯಾಲಿಗೆ ಟಿಡಿಎಲ್ ಎಂಬ ಪುಟ್ಟ ಭಾಷೆಯಿದೆ; ಅದರಲ್ಲಿ ವೋಚರಿಗೆ ನಮ್ಮ ಖಾನೆ, ಬಿಲ್ಲಿಗೆ ನಮ್ಮ ನಮೂನೆ ಸೇರಿಸಬಹುದು. ತಮಿಳುನಾಡಿನ ಜೋಹೋ ಕಂಪನಿಯ ಕ್ರಿಯೇಟರ್ ಇದೆ. ಮುಂಬೈಯ ಫ್ರಾಪ್ಪೆ ಕಂಪನಿ ಮಾಡಿದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ; ಅದರ ಯಾವ ಫಾರ್ಮಿಗೂ ಹೊಸ ಖಾನೆ ಕೂರಿಸಬಹುದು, ಹೊರಗಿನವರಿಗೂ ಲಾಗಿನ್ ಕೊಟ್ಟು ಪುಟ ತೆರೆಯಬಹುದು.

ಎಲ್ಲರಿಗೂ ಹೊಂದುವ ತಂತ್ರಾಂಶ ನಮ್ಮ ಕಡೆ ಯಾಕೆ ಪೂರ್ತಿ ಹೊಂದುವುದಿಲ್ಲ ಎಂಬುದಕ್ಕೆ ರಬಕವಿ-ಬನಹಟ್ಟಿಯ ಸೀರೆ ವ್ಯವಹಾರ ಒಳ್ಳೆಯ ಉದಾಹರಣೆ. ಮಾಲೀಕರು ನೂಲು ಕೊಡುತ್ತಾರೆ. ಮಜೂರಿ ನೇಕಾರ ನೇಯ್ದು ಸೀರೆ ತಂದೊಪ್ಪಿಸಿ ಮಜೂರಿ ಪಡೆಯುತ್ತಾನೆ. ಇದು ಖರೀದಿಯೂ ಅಲ್ಲ, ಮಾರಾಟವೂ ಅಲ್ಲ. ನೂಲು ಹೋಗುವುದು ಕಿಲೋ ಲೆಕ್ಕದಲ್ಲಿ, ಬರುವುದು ಸೀರೆಯ ಎಣಿಕೆಯಲ್ಲಿ. ನಡುವೆ ಬೀಮು, ವೇಸ್ಟೇಜು, ಡಿಜೈನ್ ಬದಲಾದಂತೆ ಬದಲಾಗುವ ಮಜೂರಿ, ಮದುವೆಗೋ ಆಸ್ಪತ್ರೆಗೋ ಪಡೆದ ಮುಂಗಡ, ವಾರದ ಬಟವಾಡೆಯಲ್ಲಿ ಅದಕ್ಕೆಂದು ಮುರಿದುಕೊಳ್ಳುವ ಕಂತು. ಕಾನೂನಿಗೆ ಈ ವ್ಯವಹಾರ ಗೊತ್ತು. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನಂತೆ ಜಾಬ್‌ವರ್ಕಿಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳಬೇಕು, ಅದರ ವಿವರ ಐಟಿಸಿ-04 ನಮೂನೆಯಲ್ಲಿ ಸಲ್ಲಬೇಕು. ಟ್ಯಾಲಿಗೂ ಗೊತ್ತು, ಬೇರೆಯವರ ಬಳಿ ಇರುವ ನಮ್ಮ ಸರಕನ್ನು ಒಂದೊಂದು ಗೋದಾಮಿನ ಹೆಸರಿನಲ್ಲಿ ಇಡುವ ಸೌಲಭ್ಯ ಅದರಲ್ಲಿದೆ. ಅಂದರೆ ಮಾಲೀಕನ ಕಂಪ್ಯೂಟರಿನಲ್ಲಿ ನೇಕಾರನ ಮನೆ ಒಂದು ಗೋದಾಮು.

ಮಾಲೀಕನ ತೆರಿಗೆ ಲೆಕ್ಕಕ್ಕೆ ಅಷ್ಟು ಸಾಕು. ನೇಕಾರನಿಗೆ ಸಾಲದು. ಅವನ ಬಳಿ ಇರುವುದು ಮೂಲೆ ಮಡಚಿದ ಸಣ್ಣ ನೋಟುಬುಕ್ಕು, ಅದರಲ್ಲಿ ಬರೆಯುವ ಕೈಯೂ ಮಾಲೀಕರ ಗುಮಾಸ್ತನದೇ. ಮುಂಗಡ ಎಷ್ಟು ಹರಿಯಿತು, ಎಷ್ಟು ಉಳಿಯಿತು ಎಂಬಲ್ಲಿ ಎರಡು ಲೆಕ್ಕ ತಾಳೆಯಾಗದಿದ್ದರೆ ಗೆಲ್ಲುವುದು ಪ್ರಿಂಟಾದ ಲೆಕ್ಕ. ಇಂಥಲ್ಲಿ ಒಂದು ಪುಟ ಬೇಕು. ನೇಕಾರನ ಹೆಸರಿನದು, ಕನ್ನಡದ್ದು, ಅವನ ಮೊಬೈಲಿನಲ್ಲಿ ತೆರೆಯುವಂಥದು. ಕೈಯಲ್ಲಿರುವ ನೂಲು, ಒಪ್ಪಿಸಿದ ಸೀರೆ, ಈ ವಾರದ ಮಜೂರಿ, ಮುಂಗಡದ ಬಾಕಿ ಅಲ್ಲಿ ಕಾಣಬೇಕು. ಅವನು ಉದ್ಯಮ್ ನೋಂದಣಿ ಮಾಡಿಸಿದ್ದರೆ ಇನ್ನೊಂದು ತಾರೀಖೂ ಇರಬೇಕು: 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಉದ್ದಿಮೆಗೆ ಹಣ ಕೊಡಲು ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ಈ ಪುಟದಿಂದ ಮಾಲೀಕರಿಗೆ ನಷ್ಟವಿಲ್ಲ. ಬಟವಾಡೆಯ ದಿನದ ವಾದ ಕಡಿಮೆಯಾಗುತ್ತದೆ, ನಂಬಿಕೆಯ ನೇಕಾರ ಬೇರೆ ಕಡೆ ಹೋಗುವುದು ತಪ್ಪುತ್ತದೆ. ವರ್ಷದ ದುಡಿಮೆಯ ದಾಖಲೆ ಕೈಯಲ್ಲಿದ್ದರೆ ನೇಕಾರ ಬ್ಯಾಂಕಿನ ಮುದ್ರಾ ಸಾಲಕ್ಕೂ ಗಟ್ಟಿಯಾಗಿ ಕೇಳಬಹುದು.

ವಿನ್ಯಾಸ ಬದಲಿಸಲು ಯಂತ್ರ ಬಿಚ್ಚಬೇಕಾಗಿಲ್ಲ ಎಂಬುದನ್ನು ನೇಕಾರರಿಗೆ ಹೊಸದಾಗಿ ಹೇಳಬೇಕಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ 1804ರ ಹೊತ್ತಿಗೆ ಮಗ್ಗಕ್ಕೆ ತೂತು ಕೊರೆದ ಕಾರ್ಡುಗಳನ್ನು ಕಟ್ಟಿದ. ಕಾರ್ಡು ಬದಲಾದರೆ ಸೆರಗಿನ ಹೂವು ಬದಲಾಗುತ್ತದೆ, ಮಗ್ಗ ಇದ್ದಂತೆಯೇ ಇರುತ್ತದೆ. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಆ ಕಾರ್ಡುಗಳನ್ನೇ ಆರಿಸಿಕೊಂಡ. ತಂತ್ರಾಂಶದ ಮೇಲೆ ನಾವು ಜೋಡಿಸುವ ಪುಟವೂ ಕಾರ್ಡಿನಂತೆ ಇರಬೇಕು. ಮಗ್ಗಕ್ಕೇ ಗರಗಸ ಹಚ್ಚಬಾರದು.

ಪುಟ ಜೋಡಿಸುವುದಕ್ಕೆ ವಿರುದ್ಧವಾದ ವಾದ ಹಗುರವಾದದ್ದಲ್ಲ. ತಂತ್ರಾಂಶ ಹೇಗಿದೆಯೋ ಹಾಗೇ ಬಳಸಿ, ನಿಮ್ಮ ಪದ್ಧತಿಯನ್ನೇ ತಿದ್ದಿಕೊಳ್ಳಿ ಎನ್ನುವ ಸಲಹೆಗಾರರಿದ್ದಾರೆ. ಪ್ರತಿಯೊಂದು ಸೇರ್ಪಡೆಯೂ ಹೊಸ ಆವೃತ್ತಿ ಬಂದಾಗ ಮುರಿಯಬಹುದು. ಮುರಿದರೆ ಸರಿಮಾಡುವವನು ಊರಿನಲ್ಲೇ ಇರಬೇಕು. ನಮ್ಮ ಪದ್ಧತಿಗಳೆಲ್ಲ ಉಳಿಸಿಕೊಳ್ಳಲು ಯೋಗ್ಯವೂ ಅಲ್ಲ. ಖಾಲಿ ವೋಚರಿಗೆ ಸಹಿ ಹಾಕಿಸಿಕೊಳ್ಳುವುದು, ತಿಂಗಳ ಕೊನೆಗೆ ನೆನಪಿನಿಂದ ಎಂಟ್ರಿ ಮಾಡುವುದು, ಕಡಿತದ ಕಾರಣವನ್ನು ಬಾಯಿಮಾತಿನಲ್ಲೇ ಬಿಡುವುದು ಇವಕ್ಕೆಲ್ಲ ಪುಟ ಕಟ್ಟಿಕೊಟ್ಟರೆ ಕೆಟ್ಟ ರೂಢಿಗೆ ಕಂಪ್ಯೂಟರಿನ ಮುದ್ರೆ ಒತ್ತಿದಂತೆ. ಇಲ್ಲಿ ತಂತ್ರಾಂಶಕ್ಕೆ ಬಾಗುವುದೇ ಸರಿ. ಆದರೆ ನೂಲು ಕೊಟ್ಟು ಸೀರೆ ಪಡೆಯುವುದು, ಕುಳೆ ಕಬ್ಬನ್ನೂ ನಾಟಿ ಕಬ್ಬನ್ನೂ ಬೇರೆ ಬೇರೆ ಬರೆದುಕೊಳ್ಳುವುದು, ಕಟಾವಿನ ಗ್ಯಾಂಗಿನ ಸರದಿ ನೋಡಿ ಹೊಲಕ್ಕೆ ಕಳಿಸುವುದು ಅಂಥ ರೂಢಿಗಳಲ್ಲ. ಅವು ಇಲ್ಲಿಯ ಕಸುಬಿನ ಒಡಲು. ಅವನ್ನು ಬಿಡಿ ಎಂದರೆ ಕಸುಬನ್ನೇ ಬಿಡಿ ಎಂದಂತೆ. ಬಿಡಿ ಎಂದಾಗ ಯಾರೂ ಬಿಡುವುದೂ ಇಲ್ಲ. ಲೆಕ್ಕ ತಂತ್ರಾಂಶದಿಂದ ಹೊರಬಿದ್ದು ಯಾವುದೋ ಎಕ್ಸೆಲ್ ಹಾಳೆಗೆ, ವಾಟ್ಸಾಪಿನ ಫೋಟೋಕ್ಕೆ ಸೇರಿಕೊಳ್ಳುತ್ತದೆ.

ಹಾಗೆ ಹೊರಬಿದ್ದ ಹಾಳೆ ಎಂಥ ಅಪಾಯ ತರಬಲ್ಲದು ಎಂಬುದು ಕೊರೊನಾ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಂಡಿತು. 2020ರ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ವಿವರ ದಿನದ ಲೆಕ್ಕಕ್ಕೆ ಸೇರಲೇ ಇಲ್ಲ. ಹಳೆಯ ಮಾದರಿಯ ಎಕ್ಸೆಲ್ ಹಾಳೆಗೆ 65,536 ಸಾಲಿನ ಮಿತಿಯಿತ್ತು, ಉಳಿದದ್ದು ಸದ್ದಿಲ್ಲದೆ ಬಿದ್ದುಹೋಯಿತು. ಲೋ-ಕೋಡ್ ಪುಟಗಳೂ ನಿರಪಾಯವಲ್ಲ. 2021ರ ಆಗಸ್ಟಿನಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆ ಬಯಲು ಮಾಡಿದ ಸಂಗತಿ ಇದು: ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್ ಬಳಸಿ ಕಟ್ಟಿದ ಪುಟಗಳಿಂದ 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡಿದ್ದವು. ಅನುಮತಿಯ ಗುಂಡಿಯನ್ನು ಪುಟ ಮಾಡಿದವರು ಒತ್ತಿರಲಿಲ್ಲ. ಅಮೆರಿಕದ ರಾಜ್ಯ ಸರ್ಕಾರಗಳು, ದೊಡ್ಡ ಕಂಪನಿಗಳೇ ಎಡವಿದ ಜಾಗವಿದು. ರೈತನ ಆಧಾರ್, ಬ್ಯಾಂಕ್ ಖಾತೆ, ಸಾಲದ ಬಾಕಿ ಇರುವ ಪುಟ ಮಾಡುವವರು ಇದನ್ನು ಮರೆಯುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಈ ಹೊಣೆಯನ್ನು ಸಂಸ್ಥೆಯ ಮೇಲೆ ನೇರವಾಗಿ ಹೊರಿಸುತ್ತದೆ.

ಆದ್ದರಿಂದ ನನ್ನ ಗೆರೆ ಇಲ್ಲಿ. ತೂಕ, ಹಣ, ತೆರಿಗೆ ಈ ಮೂರೂ ಮೂಲ ತಂತ್ರಾಂಶದೊಳಗೆ, ಅದರದೇ ನಿಯಮದಂತೆ ದಾಖಲಾಗಬೇಕು. ಹೊರಗಿನ ಪುಟ ತೋರಿಸಲಿ, ಕೇಳಲಿ, ಅರ್ಜಿ ಪಡೆಯಲಿ; ತಾನಾಗಿ ಹಿಂದಿನ ಬಾಗಿಲಿನಿಂದ ಹೋಗಿ ಖಾತೆ ತಿದ್ದಬಾರದು. ಕಂಪನಿಗಳ ಮಟ್ಟಿಗೆ ಇದು ಕಾನೂನೂ ಹೌದು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ, ತಿದ್ದಿದ ದಿನವನ್ನೂ ದಾಖಲಿಸಲೇಬೇಕು, ಆ ದಾಖಲೆಯನ್ನು ಯಾರೂ ಆರಿಸುವಂತಿರಬಾರದು. ಪುಟದ ಮೂಲಕ ಮುಂಗಡ ಮುರಿದುಕೊಳ್ಳುವಂಥ ಕೆಲಸ ಆಗಲೇಬೇಕಿದ್ದರೆ, ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಇರಲಿ. ಯಾರ ಹಣದಿಂದ ಮುರಿದುಕೊಂಡರೋ ಅವರಿಗೆ ಆ ಹೊತ್ತಿಗೇ ಸಂದೇಶ ಹೋಗಲಿ.

ಖಾನೆಗಳ ವಿಷಯದಲ್ಲಿ ಮಾತ್ರ ಧಾರಾಳವಾಗಿರಬೇಕು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಕುಟುಂಬಗಳಿವೆ. ಮನೆ ಪುನರ್ವಸತಿ ಕೇಂದ್ರದಲ್ಲಿ, ಉಳಿದ ಹೊಲ ಹಳೆಯ ಊರಿನ ಸರ್ವೆ ನಂಬರಿನಲ್ಲಿ. ಊರಿಗೆ ಒಂದೇ ಖಾನೆ ಇರುವ ತಂತ್ರಾಂಶ ಇವೆರಡರಲ್ಲಿ ಯಾವುದೋ ಒಂದನ್ನು ಸುಳ್ಳು ಮಾಡುತ್ತದೆ. ರಬಕವಿ-ಬನಹಟ್ಟಿ ಹೊಸ ತಾಲ್ಲೂಕಾದ ಮೇಲೆ ಜಮಖಂಡಿ, ಮುಧೋಳದ ಹೆಸರಿನಲ್ಲಿದ್ದ ವಿಳಾಸಗಳು ಬದಲಾದವು. ಹಳೆಯ ಪಟ್ಟಿ ಇನ್ನೂ ಹಳೆಯ ತಾಲ್ಲೂಕನ್ನೇ ಹೇಳುತ್ತಿದ್ದರೆ ಒಬ್ಬನೇ ರೈತ ಇಬ್ಬರಾಗುತ್ತಾನೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಹೆಸರುಗಳು ಯೂನಿಕೋಡಿಗೆ ಬರದಿದ್ದರೆ ಹುಡುಕಿದರೂ ಸಿಗುವುದಿಲ್ಲ. ಇಂಥವನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತವರು ಊಹಿಸಲಾರರು. ಹೊಲಕ್ಕೆ ಹೋಗಿ ಬರುವ ಫೀಲ್ಡ್‌ಮನ್‌ಗೆ ಮೊದಲ ದಿನವೇ ಗೊತ್ತಾಗುತ್ತದೆ. ಪುಟದ ನಕ್ಷೆ ಅವನ ಬಾಯಿಂದ ಬರಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಹಕಾರ ಸಂಘಗಳಲ್ಲೂ ಇದೇ ಪ್ರಶ್ನೆ ಬಂದಿದೆ. ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಸ್ವಾಗತಿಸಬೇಕಾದ ಕೆಲಸ. ಆದರೆ ಕರ್ನಾಟಕದಲ್ಲಿ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ರಾಜ್ಯದ, ಸಂಘದ ಪುಟಕ್ಕೆ ಜಾಗ ಬಿಡದ ರಾಷ್ಟ್ರೀಯ ತಂತ್ರಾಂಶ ಕೊನೆಗೆ ಕಾರ್ಯದರ್ಶಿಯ ಮೇಜಿನ ಮೇಲೆ ಎರಡನೇ ರಿಜಿಸ್ಟರು ಹುಟ್ಟಿಸುತ್ತದೆ.

ಈ ಪುಟಗಳನ್ನು ಮಾಡುವವರು ಯಾರು? ನಮ್ಮ ಕಾಲೇಜುಗಳಲ್ಲಿ ಬಿ.ಕಾಂ., ಬಿಸಿಎ ಓದಿದ ಹುಡುಗ ಹುಡುಗಿಯರು ಮಾಡಬಲ್ಲರು. ಅದಕ್ಕಾಗಿ ಊರು ಬಿಡಬೇಕಿಲ್ಲ. ಆದರೆ ಮಾಡಿದವರು ಕೆಲಸ ಬಿಟ್ಟ ಮರುದಿನ ಪುಟ ಅನಾಥವಾಗಬಾರದು. ಯಾವ ಪುಟ, ಯಾರು ಮಾಡಿದರು, ಯಾವ ಖಾನೆ ಎಲ್ಲಿಂದ ಬರುತ್ತದೆ, ಪಾಸ್‌ವರ್ಡ್ ಯಾರ ಹೊಣೆ ಎಂದು ಕನ್ನಡದಲ್ಲಿ ಬರೆದಿಟ್ಟ ಒಂದು ಕಡತ ಕಚೇರಿಯಲ್ಲಿ ಇರಲೇಬೇಕು. ಅದಿಲ್ಲದ ಪುಟ ಎಷ್ಟೇ ಚೆಂದವಿದ್ದರೂ ಮಾಡದಿರುವುದೇ ಮೇಲು.

ಸಮೀರವಾಡಿಯಿಂದ ಬಾಡಗಂಡಿಯವರೆಗೆ, ಸಿದ್ದಾಪುರದಿಂದ ಉತ್ತೂರಿನವರೆಗೆ ಕಬ್ಬು ನುರಿಸುವ ಕಾರ್ಖಾನೆಗಳು ಈ ನಾಲ್ಕು ತಾಲ್ಲೂಕುಗಳ ತುಂಬ ಇವೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಹಾಗೂ ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ, ಶೇಕಡಾ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿ 11.25 ಎಂದಾದರೆ ಟನ್ನಿಗೆ 3,896 ರೂಪಾಯಿ, ಅದರಲ್ಲಿ ಕಟಾವು-ಸಾಗಾಣಿಕೆ ಕಳೆಯಬೇಕು. ಈ ಗುಣಾಕಾರವನ್ನು ಸಾಮಾನ್ಯ ರೈತ ಮಾಡಲಾರ ಎಂದು ಯಾರೂ ತಿಳಿಯಬಾರದು. ಅವನಿಗೆ ಅಂಕಿ ಸಿಗುವುದಿಲ್ಲ, ಅಷ್ಟೇ. ಮುಂದಿನ ಹಂಗಾಮಿನ ಮೊದಲ ಗಾಡಿ ವೇಬ್ರಿಡ್ಜ್ ಏರುವ ಮೊದಲು ಆಡಳಿತ ಮಂಡಳಿಗಳು ಈ ಒಂದು ಪುಟ ಮಾಡಿಸಲಿ: ರೈತನ ಹೆಸರು, ತೂಕ, ಇಳುವರಿ, ದರ, ಪ್ರತಿ ಕಡಿತದ ಕಾರಣ, ಹದಿನಾಲ್ಕನೇ ದಿನದ ತಾರೀಖು, ತಡವಾದರೆ ಬಡ್ಡಿ. ರೈತ ಸಂಘಗಳು ಬೆಲೆಯ ಬೇಡಿಕೆಯ ಪಕ್ಕದಲ್ಲೇ ಈ ಪುಟದ ಬೇಡಿಕೆಯನ್ನೂ ಬರೆಯಲಿ. ‘ಆಪ್ಶನ್ ಇಲ್ರೀ’ ಎಂದರೆ, ಸೇರಿಸಲು ಬರುತ್ತದೆ ಎಂದು ಹೇಳಿ ಕಚೇರಿಯಲ್ಲೇ ಕೂಡಲಿ.