ದೀಪದ ಎಣ್ಣೆಯೂ ಊಟದ ಎಣ್ಣೆಯೂ: ಕಾರ್ಫು ದ್ವೀಪದ ನಾಟಿ ಆಲಿವ್ ಮರದ ವಿಚಾರ

ನಾಟಿ ತಳಿಯ ಮರವೊಂದು ಒಳ್ಳೆಯ ಬೆಲೆ ತಾರದೆ ಹೋದಾಗ, ಅದನ್ನು ಕಡಿದು ಹೊರಗಿನ ತಳಿಯನ್ನು ತಂದು ನೆಡಬೇಕೆಂಬ ಆಲೋಚನೆಯು ಬೇಸಾಯಗಾರನ ಮನಸ್ಸಿಗೆ ಬರುವುದು ಸಹಜವೇ ಸರಿ. ಆದರೆ ದೋಷವು ಮರದಲ್ಲಿರುವುದೋ ಅಥವಾ ಮರದ ಒಡೆಯನು ಅನುಸರಿಸುವ ಪದ್ಧತಿಯಲ್ಲಿರುವುದೋ ಎಂಬುದನ್ನು ವಿಚಾರಿಸದೆ ಕೊಡಲಿಯನ್ನು ಕೈಗೆತ್ತಿಕೊಳ್ಳುವುದು ವಿವೇಕವೆನಿಸದು. ಈ ಮಾತಿಗೆ ಗ್ರೀಸ್ ದೇಶದ ಕಾರ್ಫು ದ್ವೀಪದ ಆಲಿವ್ ತೋಪುಗಳಿಗಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಕಾರ್ಫು ದ್ವೀಪವು ಗ್ರೀಸಿನ ಪಶ್ಚಿಮ ದಿಕ್ಕಿಗೆ ಅಯೋನಿಯನ್ ಸಮುದ್ರದಲ್ಲಿರುವುದು. ಅದರ ವಿಸ್ತೀರ್ಣವು ಸುಮಾರು ೫೯೦ ಚದರ ಕಿಲೋಮೀಟರುಗಳು ಮಾತ್ರ; ಆದರೂ ಅಲ್ಲಿ ಲಕ್ಷಾಂತರ ಆಲಿವ್ ಮರಗಳು ಬೆಟ್ಟಗುಡ್ಡಗಳನ್ನೆಲ್ಲ ಆವರಿಸಿಕೊಂಡಿರುವುವು. ಆಲಿವ್ ಮರವು ಮಲ್ಲಿಗೆ ಪಾರಿಜಾತಗಳ ಕುಟುಂಬಕ್ಕೆ ಸೇರಿದುದು. ಕಾರ್ಫುವಿನಲ್ಲಿ ಬಹುಮಟ್ಟಿಗೆ ಬೆಳೆಯುವ ತಳಿಗೆ ಲಿಯಾನೋಲಿಯಾ ಎಂದು ಹೆಸರು. ಸಣ್ಣ ಆಲಿವ್ ಎಂಬುದು ಅದರ ಅರ್ಥ. ಹೆಸರಿಗೆ ತಕ್ಕಂತೆ ಕಾಯಿಯು ಬಹಳ ಚಿಕ್ಕದು. ಶತಮಾನಗಳಿಂದ ಆ ದ್ವೀಪದ ಮಣ್ಣಿಗೂ, ಗ್ರೀಸಿನ ಇತರ ಅನೇಕ ಭಾಗಗಳಿಗಿಂತ ಹೆಚ್ಚಾಗಿ ಸುರಿಯುವ ಅಲ್ಲಿನ ಮಳೆಗೂ ಈ ತಳಿಯು ಹೊಂದಿಕೊಂಡು ಬಂದಿರುವುದು.

ಈ ತೋಪುಗಳು ಹುಟ್ಟಿದ ಬಗೆಯನ್ನು ತಿಳಿಯದೆ ಈಗಿನ ತೊಡಕು ಅರ್ಥವಾಗಲಾರದು. ೧೩೮೬ನೆಯ ಇಸವಿಯಿಂದ ೧೭೯೭ರ ವರೆಗೆ ದ್ವೀಪವು ವೆನಿಸ್ ಗಣರಾಜ್ಯದ ಆಳ್ವಿಕೆಗೆ ಒಳಪಟ್ಟಿದ್ದಿತು. ವೆನಿಸಿನ ಅಧಿಕಾರಿಗಳು ಮರ ನೆಟ್ಟವರಿಗೆ ಮರಗಳ ಲೆಕ್ಕದ ಮೇಲೆ ಬಹುಮಾನದ ಹಣವನ್ನು ಕೊಟ್ಟು ತೋಪುಗಳನ್ನು ಹೆಚ್ಚಿಸಿದರು. ಎಣ್ಣೆಯ ವ್ಯಾಪಾರವನ್ನು ತಮ್ಮ ಹತೋಟಿಯಲ್ಲಿಯೇ ಇರಿಸಿಕೊಂಡರು. ಆಗ ಎಣ್ಣೆಯು ಅಡಿಗೆಗೆ ಮಾತ್ರವಲ್ಲದೆ ದೀಪಕ್ಕೂ ಸಾಬೂನಿಗೂ ಬೇಕಾಗಿದ್ದಿತು. ದೀಪಕ್ಕೆ ಹಾಕುವ ಎಣ್ಣೆಯು ಹುಳಿಯಾದರೇನು, ಕಮಟಾದರೇನು? ಬತ್ತಿಯು ರುಚಿ ನೋಡುವುದಿಲ್ಲ. ಆದುದರಿಂದ ಮರಗಳನ್ನು ಸವರದೆ ಎತ್ತರಕ್ಕೆ ಬೆಳೆಯಗೊಟ್ಟು, ಕಾಯಿ ತಾನಾಗಿ ಮಾಗಿ ನೆಲಕ್ಕೆ ಉದುರಿದ ಮೇಲೆ ಆರಿಸಿಕೊಳ್ಳುವ ಪದ್ಧತಿಯು ಬಳಕೆಗೆ ಬಂದಿತು. ಅನೇಕ ಮರಗಳು ಹದಿನೈದು ಮೀಟರಿಗೂ ಮೇಲ್ಪಟ್ಟು ಬೆಳೆದು ನಿಂತುವು. ಈಚಿನ ಕಾಲದಲ್ಲಿ ಮರದ ಬುಡದಲ್ಲಿ ಬಲೆಗಳನ್ನು ಹಾಸಿ, ಶರತ್ಕಾಲದಿಂದ ವಸಂತದ ವರೆಗೆ ಉದುರಿದ ಕಾಯನ್ನು ಆಗಾಗ ಒಟ್ಟುಗೂಡಿಸುವುದು ರೂಢಿಯಾಯಿತು.

ಸೀಮೆಎಣ್ಣೆಯೂ ವಿದ್ಯುದ್ದೀಪವೂ ಬಂದ ಮೇಲೆ ಆಲಿವ್ ಎಣ್ಣೆಯ ದೀಪಗಳು ದೇವಾಲಯಗಳಿಗೆ ಮಾತ್ರ ಸೀಮಿತವಾದುವು. ದೀಪದ ಕಾಲವು ಕಳೆದರೂ ದೀಪದ ಕಾಲದ ಪದ್ಧತಿಯು ತೋಪುಗಳಲ್ಲಿ ಉಳಿದುಕೊಂಡಿತು. ತೊಡಕಿನ ಮೂಲವೆಲ್ಲವೂ ಇಲ್ಲಿಯೇ ಇರುವುದು.

ಬಲೆಯ ಮೇಲೆ ಬಿದ್ದ ಕಾಯಿಗೆ ಏನಾಗುವುದೆಂಬುದನ್ನು ಗಮನಿಸಬೇಕು. ಬಿದ್ದ ಪೆಟ್ಟಿಗೆ ಸಿಪ್ಪೆಯು ಒಡೆಯುವುದು. ಮಳೆಯ ತೇವದಲ್ಲಿ ಬೂಷ್ಟು ಹಿಡಿಯುವುದು. ಆಲಿವ್ ನೊಣದ ಹುಳು ಕೊರೆದ ಕಾಯಿಗಳಂತೂ ಮೊದಲೇ ಕೆಟ್ಟಿರುವುವು. ಹೀಗೆ ಕೆಟ್ಟ ಕಾಯಿಯಲ್ಲಿ ಎಣ್ಣೆಯು ಒಡೆದು ಕೊಬ್ಬಿನ ಆಮ್ಲಗಳು ಬಿಡುಗಡೆಯಾಗುವುವು. ಯೂರೋಪಿನ ಒಕ್ಕೂಟದ ನಿಯಮದಂತೆ ಈ ಆಮ್ಲವು ನೂರಕ್ಕೆ ೦.೮ನ್ನು ಮೀರದೆ, ವಾಸನೆ ರುಚಿಗಳಲ್ಲಿ ಯಾವ ದೋಷವೂ ಇಲ್ಲದಿದ್ದರೆ ಮಾತ್ರ ಎಣ್ಣೆಗೆ ಎಕ್ಸ್‌ಟ್ರಾ ವರ್ಜಿನ್ ಎಂಬ ಮೊದಲನೆಯ ದರ್ಜೆಯು ಸಲ್ಲುವುದು. ಆಮ್ಲವು ನೂರಕ್ಕೆ ೨ನ್ನು ಮೀರಿದ ಎಣ್ಣೆಯನ್ನು ಶುದ್ಧೀಕರಿಸದೆ ಊಟಕ್ಕೆ ಮಾರುವಂತಿಲ್ಲ. ಅಂತಹ ಎಣ್ಣೆಗೆ ಇಂದಿಗೂ ಇರುವ ಹೆಸರು ಲ್ಯಾಂಪಾಂಟೆ, ಎಂದರೆ ದೀಪದ ಎಣ್ಣೆ. ಹೆಸರೇ ಅದರ ಚರಿತ್ರೆಯನ್ನು ಸಾರುತ್ತಿರುವುದು. ಈ ಎಣ್ಣೆಯನ್ನು ಪೀಪಾಯಿಗಳ ಲೆಕ್ಕದಲ್ಲಿ ಅಗ್ಗವಾಗಿ ಮಾರಬೇಕಾಗುವುದರಿಂದ ಬೆಳೆದವನಿಗೆ ಗಿಟ್ಟುವುದು ಅಲ್ಪ. ಗಿಟ್ಟದ ತೋಪನ್ನು ನೋಡಿಕೊಳ್ಳಲು ಮನಸ್ಸಾಗದೆ ಅದು ಪಾಳು ಬೀಳುವುದು; ಪಾಳು ಬಿದ್ದ ತೋಪಿನಲ್ಲಿ ನೊಣವು ಹೆಚ್ಚಿ ನೆರೆಯವನ ತೋಪನ್ನೂ ಕೆಡಿಸುವುದು.

ಇಷ್ಟನ್ನು ಕಂಡವರು ಲಿಯಾನೋಲಿಯಾ ತಳಿಯೇ ಕೀಳೆಂದು ತೀರ್ಮಾನಿಸಿದರೆ ಅದು ಅನ್ಯಾಯವಾಗುವುದು. ಏಕೆಂದರೆ ಈಚಿನ ವರ್ಷಗಳಲ್ಲಿ ಅದೇ ದ್ವೀಪದ ಕೆಲವರು ಬೆಳೆಗಾರರು ಅದೇ ಮರಗಳ ಕಾಯನ್ನು ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ಇನ್ನೂ ಹಸಿರಾಗಿರುವಾಗಲೇ, ಮರದಿಂದ ಕಿತ್ತು ಎಣ್ಣೆ ತೆಗೆದಿರುವರು. ಈ ಎಣ್ಣೆಯು ಮೊದಲ ದರ್ಜೆಯದಾಗಿ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಪಡೆದಿರುವುದು. ಮರವು ಅದೇ, ಮಣ್ಣು ಅದೇ. ಬದಲಾದುದು ಮನುಷ್ಯನ ಕೈ ಮಾತ್ರ.

ಈ ಹೊಸ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಕಾಯನ್ನು ನೆಲಕ್ಕೆ ಬಿಡದೆ ಕೀಳತಕ್ಕದ್ದು. ಗೋಣಿಚೀಲಗಳಲ್ಲಿ ತುರುಕಿದರೆ ಕಾವೇರಿ ಕೊಳೆಯುವುದರಿಂದ ಗಾಳಿಯಾಡುವ ಪೆಟ್ಟಿಗೆಗಳಲ್ಲಿ ಸಾಗಿಸತಕ್ಕದ್ದು. ಕಿತ್ತ ದಿವಸವೇ, ಹೆಚ್ಚೆಂದರೆ ೨೪ ಗಂಟೆಗಳೊಳಗಾಗಿ, ಗಾಣಕ್ಕೆ ಹಾಕತಕ್ಕದ್ದು. ಈಗಿನ ಗಾಣಗಳಲ್ಲಿ ಕಾಯನ್ನು ತೊಳೆದು, ಬೀಜಸಹಿತ ಜಜ್ಜಿ, ಆ ಹಿಟ್ಟನ್ನು ಮೆಲ್ಲನೆ ಕಲೆಸಿ, ರಭಸದಿಂದ ತಿರುಗುವ ಯಂತ್ರದಲ್ಲಿ ಎಣ್ಣೆಯನ್ನು ಬೇರ್ಪಡಿಸುವರು. ಕಲೆಸುವಾಗ ಶಾಖವು ೨೭ ಡಿಗ್ರಿ ಸೆಂಟಿಗ್ರೇಡನ್ನು ದಾಟಗೊಡಬಾರದು. ಶಾಖ ಹೆಚ್ಚಿದರೆ ಎಣ್ಣೆಯ ಮೊತ್ತವು ಕೊಂಚ ಹೆಚ್ಚಿದರೂ ಪರಿಮಳವು ಹಾರಿಹೋಗುವುದು. ಹಿಂದಿನ ದಿನದ ಹಿಟ್ಟು ಅಂಟಿಕೊಂಡಿರುವ ಗಾಣದಿಂದ ಒಳ್ಳೆಯ ಎಣ್ಣೆಯು ಎಂದಿಗೂ ಬಾರದು.

ಇಂತಹ ಎಣ್ಣೆಯಲ್ಲಿ ಹಸಿ ಸೊಪ್ಪಿನ ವಾಸನೆ, ನಾಲಿಗೆಗೆ ಕಹಿ, ಗಂಟಲಿಗೆ ಖಾರ ಈ ಮೂರೂ ಇರುವುವು. ಹಳೆಯ ಎಣ್ಣೆಗೆ ಒಗ್ಗಿದವರಿಗೆ ಇವು ದೋಷಗಳಾಗಿ ತೋರಬಹುದು. ವಾಸ್ತವದಲ್ಲಿ ಇವೇ ಗುಣಗಳು. ಗಂಟಲನ್ನು ಕೆರೆಯುವ ಓಲಿಯೋಕ್ಯಾಂಥಾಲ್ ಎಂಬ ವಸ್ತುವು ಉರಿಯೂತವನ್ನು ತಗ್ಗಿಸುವ ಔಷಧಿಯೊಂದನ್ನು ಹೋಲುವಂತೆ ವರ್ತಿಸುವುದೆಂದು ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದರು. ಲಿಯಾನೋಲಿಯಾ ತಳಿಯ ಹಸಿರು ಕಾಯಿಯ ಎಣ್ಣೆಯಲ್ಲಿ ಈ ಜಾತಿಯ ವಸ್ತುಗಳು ಸಮೃದ್ಧವಾಗಿರುವುವು. ಅಲ್ಲಿನವರು ಬಿಸಿ ಅನ್ನಕ್ಕೆ ತುಪ್ಪ ಬಡಿಸುವಂತೆ, ಬೇಯಿಸಿದ ಸೊಪ್ಪಿಗೂ ಕಾಳಿನ ಸಾರಿಗೂ ರೊಟ್ಟಿಗೂ ಇದನ್ನು ಹಸಿಯಾಗಿಯೇ ಸುರಿದುಕೊಂಡು ಉಣ್ಣುವರು. ಎಣ್ಣೆಯ ಬಣ್ಣವನ್ನು ನೋಡಿ ಗುಣವನ್ನು ನಿರ್ಣಯಿಸಲಾಗದು. ಪರೀಕ್ಷಕರು ಬಣ್ಣ ಕಾಣದಿರಲೆಂದೇ ನೀಲಿ ಗಾಜಿನ ಬಟ್ಟಲಲ್ಲಿ ಅದನ್ನು ಸವಿಯುವರು. ದ್ರಾಕ್ಷಾಮದ್ಯದಂತೆ ಈ ಎಣ್ಣೆಯು ಹಳೆಯದಾದಷ್ಟೂ ಉತ್ತಮವಾಗುವುದಿಲ್ಲ. ಬೆಳಕೂ ಶಾಖವೂ ಗಾಳಿಯೂ ಅದಕ್ಕೆ ಶತ್ರುಗಳು.

ಹೊಸ ಕ್ರಮಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಎತ್ತರದ ಮರವನ್ನು ಹತ್ತಿ ಕೀಳಲು ಆಳುಗಳು ಸಿಕ್ಕುವುದಿಲ್ಲ, ಸಿಕ್ಕರೂ ಕೂಲಿ ದುಬಾರಿ; ಉದುರಿದ ಕಾಯಿಗಾದರೋ ಖರ್ಚು ಕಡಮೆ. ಹಸಿರು ಕಾಯಿಯಿಂದ ಬರುವ ಎಣ್ಣೆಯ ಮೊತ್ತವೂ ಮಾಗಿದ ಕಾಯಿಗಿಂತ ಕಡಮೆ. ಈ ಮಾತುಗಳು ನಿಜವಾದುವು, ತಳ್ಳಿಹಾಕತಕ್ಕವಲ್ಲ. ಆದರೆ ಆಲಿವ್ ಮರವು ಬಲವಾದ ಸವರಿಕೆಯನ್ನೂ ತಾಳಿಕೊಂಡು ಬುಡದಿಂದ ಮತ್ತೆ ಚಿಗುರುವ ಜಾತಿಯದು. ಪ್ರತಿ ವರ್ಷ ತೋಪಿನ ಒಂದು ಭಾಗವನ್ನು ಮಾತ್ರ ತಗ್ಗಿಸುತ್ತ ಬಂದರೆ ಮನೆಯ ಆದಾಯವು ಒಮ್ಮೆಗೇ ನಿಲ್ಲದೆ, ಕೆಲವು ವರ್ಷಗಳಲ್ಲಿ ಕೈಗೆ ನಿಲುಕುವ ಮರಗಳು ದೊರೆಯುವುವು. ತಗ್ಗಿದ ಮರದಲ್ಲಿ ಕೂಲಿಯೂ ತಗ್ಗುವುದು. ಶತಮಾನಗಳ ಗಂಭೀರವಾದ ತೋಪುಗಳ ಸೊಬಗು ಕೆಡುವುದೆಂದು ಮರುಗುವವರಿಗೆ ಹೇಳಬಹುದಾದುದೇನೆಂದರೆ, ದಾರಿಬದಿಯ ಹಾಗೂ ಗುಡಿಯ ಸುತ್ತಣ ಮರಗಳನ್ನು ಹಾಗೆಯೇ ಉಳಿಸಬಹುದು. ಫಲ ಕೊಡದೆ ಪಾಳು ಬಿದ್ದ ತೋಪಿನ ಸೊಬಗಾದರೋ ಬಹಳ ಕಾಲ ಉಳಿಯತಕ್ಕದ್ದಲ್ಲ. ಒಬ್ಬೊಬ್ಬನೇ ಗಾಣವನ್ನಿಡಲು ಶಕ್ತನಲ್ಲದ ಕಡೆ ಊರಿನವರು ಕೂಡಿ ಒಂದನ್ನು ಇರಿಸಿ, ಸರದಿಯ ಮೇರೆಗೆ ಕಾಯಿ ತರುವ ಏರ್ಪಾಡು ಮಾಡಿಕೊಂಡರೆ ಕಾಯಿ ಕಾದು ಕೆಡುವುದು ತಪ್ಪುವುದು.

ಆಲಿವ್ ಮರವು ಹೂ ಬಿಡಲು ಚಳಿಗಾಲದ ಸಾಕಷ್ಟು ಚಳಿಯು ಬೇಕಾಗಿರುವುದರಿಂದ, ಅದನ್ನು ಈ ನಾಡಿನ ಹೊಲಗಳಲ್ಲಿ ನೆಡಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಆದರೆ ಪಟೇಲರೂ ಜಮೀನುದಾರರೂ ತಮ್ಮ ತೋಟಗಳಲ್ಲಿ ನಾಟಿ ತಳಿಯೊಂದು ಸೋತಿರುವಂತೆ ಕಂಡಾಗ, ಅದರ ಕಟಾವು, ಸಾಗಾಣಿಕೆ, ಸಂಸ್ಕರಣೆಗಳು ಯಾವ ಕಾಲದ ಯಾವ ಅಗತ್ಯಕ್ಕಾಗಿ ಹುಟ್ಟಿದುವೆಂಬುದನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು. ತಾತಂದಿರು ನೆಟ್ಟ ಮರವು ಹಲವೊಮ್ಮೆ ಇಂದಿನ ಮಾರುಕಟ್ಟೆಗೂ ಯೋಗ್ಯವಾಗಿಯೇ ಇರುವುದು. ಅವರ ಕಾಲದ ದೀಪಕ್ಕಾಗಿ ಏರ್ಪಟ್ಟ ಪದ್ಧತಿಯು ಮಾತ್ರ ಮೊಮ್ಮಕ್ಕಳ ಊಟಕ್ಕೆ ಸಲ್ಲದೆ ಹೋಗಿರುವುದು.