ದಾದಿಯ ವೇತನವೂ ಮಹಾನಗರದ ವೆಚ್ಚವೂ

ನಾಡಿನಿಂದ ಮುಂಬಯಿಗೆ ಬರಬಯಸುವ ದಾದಿಯರ ಮನೆಯವರು ನಮ್ಮನ್ನು ಮೊದಲು ಕೇಳುವುದು ಸಂಬಳವೆಷ್ಟೆಂದು. ಕೇಳಬೇಕಾದುದು, ತಿಂಗಳ ಕೊನೆಗೆ ಉಳಿಯುವುದೆಷ್ಟೆಂದು.

ಉದಾಹರಣೆಗೆ, ಊರಿನಲ್ಲಿ ಭವಿಷ್ಯನಿಧಿ ಕಳೆದು 18,000 ರೂಪಾಯಿ ಕೈಸೇರಿ, ತಂದೆತಾಯಿಯರೊಡನಿದ್ದು 6,000 ವೆಚ್ಚವಾದರೆ ಉಳಿಯುವುದು 12,000. ಮುಂಬಯಿಯಲ್ಲಿ 28,000 ಕೈಸೇರಿತೆನ್ನೋಣ. ಹಂಚಿಕೊಂಡ ಕೋಣೆಗೆ 9,000, ಊಟಕ್ಕೆ 6,000, ಪ್ರಯಾಣವೇ ಮೊದಲಾದವುಗಳಿಗೆ 3,000 ಕಳೆದರೆ ಉಳಿಯುವುದು ಹತ್ತೇ ಸಾವಿರ. ಠೇವಣಿ, ದಲ್ಲಾಳಿಯ ಕಮಿಷನ್ ಬೇರೆ. ಆಸ್ಪತ್ರೆಯ ವಸತಿಗೃಹದಲ್ಲಿ 3,000ಕ್ಕೆ ಕೋಣೆ ದೊರೆಯುವುದಾದರೆ 25,000ದ ಕೆಲಸವೇ ಮೇಲು. ಅಲ್ಲಿ 13,000 ಉಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ವಿರಾರ, ಕಲ್ಯಾಣಗಳವರೆಗೆ ಲೋಕಲ್ ರೈಲಿನಲ್ಲಿ ಹೋಗುವ ದಣಿವೂ ತಪ್ಪುತ್ತದೆ. ದಣಿದ ದಾದಿಯಿಂದ ರೋಗಿಗೂ ಕ್ಷೇಮವಿಲ್ಲ.

ಸರ್ವೋಚ್ಚ ನ್ಯಾಯಾಲಯದ 2016ರ ನಿರ್ದೇಶನದಂತೆ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ವೇತನ 20,000 ರೂಪಾಯಿಗೆ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಆದರೆ ಸಣ್ಣ ಊರಿಗೂ ಮುಂಬಯಿಗೂ ಒಂದೇ ಅಂಕೆ! ಕೇಂದ್ರ ಸರ್ಕಾರವು ತನ್ನ ನೌಕರರಿಗೆ ಮಹಾನಗರಗಳಲ್ಲಿ ಹೆಚ್ಚಿನ ಮನೆಬಾಡಿಗೆ ಭತ್ಯೆಯನ್ನು ಕೊಡುತ್ತದೆ. ಖಾಸಗಿ ಆಸ್ಪತ್ರೆಗಳೂ ಭತ್ಯೆಯನ್ನಾಗಲಿ ವಸತಿಯನ್ನಾಗಲಿ ಕೊಡುವುದು ನ್ಯಾಯ.

ಒಪ್ಪಿಗೆ ನೀಡುವ ಮುನ್ನ ವಸತಿ, ಪಾಳಿ, ಕಡಿತಗಳ ವಿವರವನ್ನು ಬರಹದಲ್ಲಿ ಪಡೆಯುವುದು ಲೇಸು. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನ ನೋಂದಣಿಯನ್ನೂ ಮರೆಯಬಾರದು. ಊರಿನ ಹೆಣ್ಣುಮಗಳಿಗೆ ‘ಬಾ’ ಎನ್ನುವ ಮೊದಲು ಈ ಲೆಕ್ಕವನ್ನು ಬರೆದು ಕಳುಹಿಸುವುದು, ಇಲ್ಲಿ ನೆಲೆಸಿ ಬಾಡಿಗೆಯ ಬಿಸಿಯನ್ನು ಬಲ್ಲ ನಮ್ಮೆಲ್ಲರ ಕರ್ತವ್ಯ.