ಸಸಿ ಮೊದಲು, ಕೆಸರು ಆಮೇಲೆ

ಗುಂಜಿಯಲ್ಲಿ ಭತ್ತ ನಾಟಿ ಮಾಡುವ ರೈತನಿಗೆ ಕೆಲಸದ ಸರದಿಯನ್ನು ಯಾರೂ ಕಲಿಸಬೇಕಾಗಿಲ್ಲ. ಸಸಿ ನಾಟಿಗೆ ಬರಲು ಸುಮಾರು 25 ದಿನ ಬೇಕು. ಅಷ್ಟರೊಳಗೆ ಬದು ಕಟ್ಟುವುದು ನಾಲ್ಕು ದಿನ ತಡವಾದರೂ ನಡೆದೀತು; ಸಸಿಮಡಿಗೆ ಬೀಜ ಚೆಲ್ಲುವುದು ತಡವಾದರೆ ನಾಟಿಯೇ ಅಷ್ಟು ದಿನ ಹಿಂದೆ ಬೀಳುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯವರು ರೂಢಿಗೆ ತಂದ 'ಕ್ರಿಟಿಕಲ್ ಪಾಥ್' ಪದ್ಧತಿಯ ತಿರುಳೂ ಇದೇ: ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುವುದೋ ಅದನ್ನು ಮೊದಲೇ ಗುರುತಿಸುವುದು. ಇಂದು ಈ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ.

ಆದರೂ ನಮ್ಮ ಖಾನಾಪುರ ತಾಲೂಕಿನ ಕಳಸಾ-ಬಂಡೂರಿ ಯೋಜನೆಯನ್ನೇ ನೋಡಿ. ಅದು ಬೇಕೋ ಬೇಡವೋ ಎಂಬ ವಾದ ಬೇರೆ. ಕಣಕುಂಬಿಯಲ್ಲಿ ಕೆಲಸ ಆರಂಭವಾದದ್ದು 2006ರಲ್ಲಿ. ನ್ಯಾಯಮಂಡಳಿಯಿಂದ ನೀರಿನ ಪಾಲು ಗೊತ್ತಾದದ್ದು 2018ರಲ್ಲಿ. ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಅದಾದ ಮೇಲೂ ಅರಣ್ಯದ ಅನುಮತಿಗೆ ಕಾಯಬೇಕಾಯಿತು. ಬೀಜ ಚೆಲ್ಲುವ ಮೊದಲೇ ಗದ್ದೆ ಕೆಸರು ಮಾಡಿದಂತಾಯಿತು.

ಕಂಪ್ಯೂಟರಿಗೆ ನಾವು ಹೇಳಿದಷ್ಟೇ ತಿಳಿದೀತು. ಅನುಮತಿ ಬಂದಿಲ್ಲವೆಂದು ಮೇಲಿನವರಿಗೆ ನೇರವಾಗಿ ಹೇಳುವ ಧೈರ್ಯ, ಹತ್ತು ಇಲಾಖೆಗಳಿಗೆ ಅಲೆದು ಕೆಲಸ ಜೋಡಿಸುವ ತಾಳ್ಮೆ, ಊರವರ ಮಾತು ಕೇಳುವ ಗುಣ ಯೋಜನೆಯ ಹೊಣೆ ಹೊತ್ತ ಮನುಷ್ಯನಲ್ಲೇ ಇರಬೇಕು.

ಕೆರೆಯಿರಲಿ, ರಸ್ತೆಯಿರಲಿ, ಊರಿನ ಕೆಲಸಕ್ಕೆ ಗುದ್ದಲಿ ಪೂಜೆಯಾಗುವ ಮುನ್ನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ಯಾವುದು ಮೊದಲು ಆಗಬೇಕು? ಎಂದಿನೊಳಗೆ? ಯಾರು ಹೊಣೆ? ಉತ್ತರವನ್ನು ಪಂಚಾಯತಿ ಗೋಡೆಯ ಮೇಲೆ ಬರೆಸೋಣ. ಓದಲು ಬರುವವರೆಲ್ಲ ದಿನವೂ ಓದಲಿ.